ಹೊಸ ದಾರಿಯಲ್ಲಿ ಹೊಸಬರಾಗಿ

(ಸೋಸಲೆಯಲ್ಲಿ ಸಂತ ಕ್ರಿಸ್ತೋಫರರ ಹಬ್ಬದಂದು, ವಾಹನಗಳ ಆಶೀರ್ವಾದಕ್ಕೆ ಮುನ್ನ ನೀಡಿದ ಪ್ರಬೋಧನೆ)



ಇಂದು ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ತೋಫರರ ಹಬ್ಬ. ಬಲಿಪೂಜೆ ಮುಗಿದ ಮೇಲೆ ಹೊರಗೆ ಸಾಲಾಗಿ ನಿಲ್ಲಿಸಿರುವ ನಿಮ್ಮ ವಾಹನಗಳ ಮೇಲೆ ಪವಿತ್ರ ಜಲ ಪ್ರೋಕ್ಷಿಸಿ ಆಶೀರ್ವದಿಸಲಿದ್ದೇವೆ. ಬೈಕುಗಳಿವೆ, ಆಟೋಗಳಿವೆ, ಗೂಡ್ಸ್ ಟೆಂಪೋಗಳಿವೆ, ಹೂವಿನ ಹಾರ ಹಾಕಿಸಿಕೊಂಡು ಬಂದ ಟ್ರ್ಯಾಕ್ಟರುಗಳೂ ಇವೆ. ಆದರೆ ಇಲ್ಲಿ ನಮ್ಮ ಕಣ್ಣಿಗೆ ಕಾಣದ ಕೆಲವು ವಾಹನಗಳನ್ನೂ ಇಂದು ನೆನೆಯಬೇಕು. ಸೋಸಲೆ, ತಿ. ನರಸೀಪುರ, ನಂಜನಗೂಡು, ಮೈಸೂರು ಸೀಮೆಯಿಂದ ಹೊರದೇಶಕ್ಕೆ ಹೋದ ನಮ್ಮ ಮಕ್ಕಳು ಈ ಹೊತ್ತಿನಲ್ಲಿ ಯಾವುದೋ ದೂರದ ದಾರಿಯಲ್ಲಿ ಓಡಿಸುತ್ತಿರುವ ವಾಹನಗಳು ಅವು. ರಾತ್ರಿ ಪಾಳಿ ಮುಗಿಸಿ ಐರ್ಲೆಂಡಿನ ಹಳ್ಳಿ ದಾರಿಯಲ್ಲಿ ಮನೆಗೆ ಹೊರಟ ನರ್ಸ್ ಮಗಳು, ಕೊಲ್ಲಿ ದೇಶದಲ್ಲಿ ಇನ್ನೊಬ್ಬರ ಕಾರು ಓಡಿಸುವ ಮಗ, ಆಸ್ಟ್ರೇಲಿಯಾದಲ್ಲಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನೂರಾರು ಕಿಲೋಮೀಟರ್ ಹೋಗುವ ಅಳಿಯ, ಇವರೆಲ್ಲರೂ ಇಂದಿನ ಆಶೀರ್ವಾದದಲ್ಲಿ ಪಾಲುದಾರರು.

ಹೊಳೆ ದಾಟಿಸಿದ ಸಂತ

ಸಂತ ಕ್ರಿಸ್ತೋಫರರು ಧರ್ಮಸಭೆಯ ಆರಂಭ ಕಾಲದ ರಕ್ತಸಾಕ್ಷಿ. ಅವರ ಜೀವನದ ಬಗ್ಗೆ ಇತಿಹಾಸಕ್ಕೆ ತಿಳಿದಿರುವುದು ಬಹಳ ಕಡಿಮೆ. 1969ರಲ್ಲಿ ಪೂಜಾವರ್ಷದ ಪಂಚಾಂಗವನ್ನು ಪರಿಷ್ಕರಿಸಿದಾಗ ಅವರ ಹಬ್ಬವನ್ನು ಸಾರ್ವತ್ರಿಕ ಪಟ್ಟಿಯಿಂದ ಕೈಬಿಡಲಾಯಿತು. ಆದರೂ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಜುಲೈ 25ರಂದು ಅವರ ಹೆಸರು ಈಗಲೂ ಉಳಿದಿದೆ. ಜನರ ಮನಸ್ಸಿನಲ್ಲಂತೂ ಅವರು ಅಳಿಸಲಾಗದಂತೆ ಉಳಿದಿದ್ದಾರೆ.

ಅವರ ಕಥೆ ನಿಮಗೆಲ್ಲ ಗೊತ್ತು. ಸೇತುವೆಯಿಲ್ಲದ ಹೊಳೆಯ ದಡದಲ್ಲಿ ನಿಂತು, ದಾಟಬೇಕಾದವರನ್ನು ಹೆಗಲ ಮೇಲೆ ಹೊತ್ತು ಆಚೆಗೆ ಮುಟ್ಟಿಸುವುದು ಅವರ ಕಾಯಕ. ಒಂದು ರಾತ್ರಿ ಒಬ್ಬ ಚಿಕ್ಕ ಬಾಲಕ ಬಂದು ದಾಟಿಸೆಂದು ಕೇಳಿದ. ನೀರಿಗಿಳಿದು ನಡೆದಂತೆಲ್ಲ ಮಗುವಿನ ಭಾರ ಹೆಚ್ಚುತ್ತಲೇ ಹೋಯಿತು. ದಡ ಸೇರಿದ ಮೇಲೆ, ಹೊತ್ತದ್ದು ಪ್ರಭು ಕ್ರಿಸ್ತರನ್ನೇ ಎಂದು ತಿಳಿಯಿತು. ಕ್ರಿಸ್ತೋಫರ್ ಎಂದರೆ ಕ್ರಿಸ್ತರನ್ನು ಹೊತ್ತವನು ಎಂದರ್ಥ.

ಕಾವೇರಿ ದಡದಲ್ಲಿರುವ ನಮಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾವೇರಿ, ಕಬಿನಿ ಕೂಡುವ ಈ ಸೀಮೆಯಲ್ಲಿ ಹರಿಗೋಲು ನಡೆಸುವವರನ್ನು ನೋಡಿದ್ದೀರಿ. ಹೋದ ವರ್ಷ ಮೊಣಕಾಲುದ್ದ ಇದ್ದ ಜಾಗ ಈ ವರ್ಷ ಮಡುವಾಗಿರಬಹುದು. ಅದಕ್ಕೇ ಅನುಭವವುಳ್ಳ ಅಂಬಿಗ ತನ್ನ ತೋಳಿನ ಬಲವನ್ನು ನೆಚ್ಚುವುದಿಲ್ಲ, ಗಣೆ ಹಾಕಿ ಆಳ ನೋಡಿ ಮುಂದೆ ಸಾಗುತ್ತಾನೆ. ಹೊಳೆಯ ಮುಂದೆ ಅವನು ಪ್ರತಿ ಮಳೆಗಾಲದಲ್ಲೂ ಹೊಸಬನೇ. ಹೊಸ ದಾರಿಯಲ್ಲಿ ತಾನು ಹೊಸಬನೆಂದು ಒಪ್ಪಿಕೊಂಡವನು ತಾನೂ ದಡ ಸೇರುತ್ತಾನೆ, ತನ್ನನ್ನು ನಂಬಿ ಕುಳಿತವರನ್ನೂ ಸೇರಿಸುತ್ತಾನೆ. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಒಂದೇ ಮಾತು.

ಯಾರೂ ಕೇಳದ ಪ್ರಶ್ನೆ

ಮನೆಯಿಂದ ಒಬ್ಬರು ಹೊರದೇಶಕ್ಕೆ ಹೊರಟರೆಂದರೆ ನಾವು ಎಷ್ಟೆಲ್ಲ ಯೋಚಿಸುತ್ತೇವೆ! ವೀಸಾ ಆಯಿತೇ? ಅಲ್ಲಿ ಊಟ ಹೇಗೆ? ಚಳಿ ತಡೆಯುತ್ತದೆಯೇ? ಮೆಣಸಿನ ಪುಡಿ, ಉಪ್ಪಿನಕಾಯಿ, ಸ್ವೆಟರು, ಜಪಸರ ಎಲ್ಲವೂ ಪೆಟ್ಟಿಗೆಗೆ ಸೇರುತ್ತವೆ. ಜಮೀನಿನ ಪತ್ರ ಅಡವಿಟ್ಟು ಸಾಲ ಮಾಡಿದ ಮನೆಗಳೂ ಉಂಟು. ಆದರೆ ಅಲ್ಲಿನ ರಸ್ತೆ ಹೇಗೆ, ಅದನ್ನು ಕಲಿಯುವುದು ಹೇಗೆ ಎಂದು ಕೇಳುವವರು ಬಹಳ ವಿರಳ.

ನಗರಗಳಲ್ಲಿ ಕೆಲಸ ಸಿಕ್ಕವರಿಗೆ ಬಸ್ಸು, ರೈಲು ಇರುತ್ತವೆ. ಆದರೆ ಎಲ್ಲರಿಗೂ ನಗರದಲ್ಲೇ ಕೆಲಸ ಸಿಕ್ಕುವುದಿಲ್ಲ. ವೃದ್ಧರ ಆರೈಕೆ ಮನೆಗಳು, ಸಣ್ಣ ಆಸ್ಪತ್ರೆಗಳು, ಹಾಲಿನ ಫಾರಂಗಳು, ತೋಟಗಳು ಬಹುಪಾಲು ಹಳ್ಳಿಗಾಡಿನಲ್ಲಿರುತ್ತವೆ. ಅಲ್ಲಿ ಬೆಳಗಿನ ಜಾವದ ಪಾಳಿಗೆ ಬಸ್ಸಿಲ್ಲ. ಹೋದ ಕೆಲವೇ ತಿಂಗಳಲ್ಲಿ ಹಳೆಯದೊಂದು ಕಾರು ಕೊಳ್ಳಲೇಬೇಕು. ಇಲ್ಲಿ ಸ್ಕೂಟರನ್ನಷ್ಟೇ ಓಡಿಸಿ ಬಲ್ಲ ಮಗಳು ಅಲ್ಲಿ ಕತ್ತಲಲ್ಲಿ, ಮಳೆಯಲ್ಲಿ, ಹಿಮದಲ್ಲಿ ಒಬ್ಬಳೇ ಕಾರು ಓಡಿಸಬೇಕು.

ಆ ರಸ್ತೆಗಳು ನೋಡಲು ಚೆನ್ನಾಗಿರುತ್ತವೆ. ಮಕ್ಕಳು ಕಳಿಸುವ ಫೋಟೋಗಳಲ್ಲಿ ಗುಂಡಿಯಿಲ್ಲ, ಧೂಳಿಲ್ಲ. ಅಪಾಯ ಇರುವುದೇ ಅಲ್ಲಿ, ಅದು ಕಣ್ಣಿಗೆ ಬೀಳುವುದಿಲ್ಲ. ಐರ್ಲೆಂಡ್, ಇಂಗ್ಲೆಂಡಿನ ಹಳ್ಳಿ ದಾರಿಗಳನ್ನು ತೆಗೆದುಕೊಳ್ಳಿ. ಎರಡೂ ಬದಿಯಲ್ಲಿ ಆಳೆತ್ತರದ ಬೇಲಿ, ನಡುವೆ ಒಂದೂವರೆ ಕಾರಿನಷ್ಟು ಜಾಗ, ಪಾದಚಾರಿಗೆ ನಿಲ್ಲಲು ಅಂಚಿಲ್ಲ. ತಿರುವಿನ ಆಚೆ ಕುರಿ ಮಂದೆ ಇರಬಹುದು, ಟ್ರ್ಯಾಕ್ಟರ್ ಇರಬಹುದು, ನಾಯಿ ಹಿಡಿದು ನಡೆಯುವ ಅಜ್ಜಿ ಇರಬಹುದು. ಇಂಥ ಎಷ್ಟೋ ದಾರಿಗಳಲ್ಲಿ ಐರ್ಲೆಂಡ್ ಸರ್ಕಾರ ಗಂಟೆಗೆ 80 ಕಿ.ಮೀ. ವೇಗವನ್ನು ಅನುಮತಿಸಿತ್ತು. 2025ರ ಫೆಬ್ರವರಿ 7ರಿಂದ ಗ್ರಾಮೀಣ ಸ್ಥಳೀಯ ರಸ್ತೆಗಳ ಸಾಮಾನ್ಯ ಮಿತಿಯನ್ನು 60ಕ್ಕೆ ಇಳಿಸಿದೆ. ತಲೆಮಾರುಗಳಿಂದ ಅದೇ ದಾರಿಯಲ್ಲಿ ಓಡಾಡಿದವರಿಗೇ ಆ ವೇಗ ಹೆಚ್ಚಾಯಿತು ಎಂದ ಮೇಲೆ, ನಿನ್ನೆ ಮೊನ್ನೆ ಹೋದ ನಮ್ಮವರ ಗತಿಯೇನು? ಬೋರ್ಡಿನಲ್ಲಿ ಬರೆದ ವೇಗ ಮೀರಬಾರದ ಗೆರೆ ಮಾತ್ರ. ಅಷ್ಟು ವೇಗದಲ್ಲೇ ಹೋಗಬೇಕೆಂದು ಅದು ಹೇಳುವುದಿಲ್ಲ.

ಚಳಿಗಾಲದಲ್ಲಿ ಅಲ್ಲಿ ಇನ್ನೊಂದು ಕಾಣದ ಅಪಾಯವಿದೆ. ಬೆಳಗಿನ ಹೊತ್ತು ರಸ್ತೆಯ ಮೇಲೆ ನೀರು ತೆಳುವಾಗಿ ಹೆಪ್ಪುಗಟ್ಟುತ್ತದೆ. ಗಾಜಿನಂತಿರುವುದರಿಂದ ಕೆಳಗಿನ ಡಾಂಬರಿನ ಬಣ್ಣವೇ ಕಾಣುತ್ತದೆ. ಅದನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಹಿಮಗಟ್ಟಿದ ರಸ್ತೆಯಲ್ಲಿ ವಾಹನ ನಿಲ್ಲಲು ಒಣ ರಸ್ತೆಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು ಎಂದು ಬ್ರಿಟನ್ನಿನ ಸಂಚಾರ ನಿಯಮಾವಳಿ ಎಚ್ಚರಿಸುತ್ತದೆ. ಬ್ರೇಕನ್ನು ಒಮ್ಮೆಲೇ ಒತ್ತಿದರೆ ಕಾರು ಜಾರುತ್ತದೆಯೇ ಹೊರತು ನಿಲ್ಲುವುದಿಲ್ಲ. ಮೈಸೂರಿನ ಬಿಸಿಲಲ್ಲಿ ಬೆಳೆದ ಕಾಲಿಗೆ ಇದನ್ನು ಯಾರು ಕಲಿಸಿದ್ದಾರೆ?

ಕೊಲ್ಲಿ ದೇಶಗಳಲ್ಲಿ ಮೊದಲ ತೊಡಕು ದಿಕ್ಕಿನದು. ನಮ್ಮಲ್ಲಿ ಎಡಗಡೆ, ಅಲ್ಲಿ ಬಲಗಡೆ ಸಂಚಾರ. ಮುಖ್ಯರಸ್ತೆಯಲ್ಲಿ ಎಲ್ಲರ ಹಿಂದೆ ಹೋಗುವಾಗ ತಪ್ಪಾಗುವುದಿಲ್ಲ. ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಹೊರಳುವಾಗ, ನಿದ್ದೆಗಣ್ಣಿನಲ್ಲಿ ಗಲ್ಲಿಯಿಂದ ಹೊರಬರುವಾಗ ಕೈ ತಾನಾಗಿಯೇ ಹಳೆಯ ಬದಿಗೆ ತಿರುಗಿಸಿಬಿಡುತ್ತದೆ. ಮರುಭೂಮಿಯ ರಸ್ತೆಗಳಲ್ಲಿ ರಾತ್ರಿ ಒಂಟೆಗಳು ಅಡ್ಡ ಬರುತ್ತವೆ. ಒಂಟೆಯ ಕಾಲು ಎತ್ತರವಾದ್ದರಿಂದ ಕಾರು ಕಾಲಿಗೆ ಬಡಿದರೆ ಅದರ ಇಡೀ ದೇಹದ ಭಾರ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಒಮಾನಿನಲ್ಲಿ ವರ್ಷದ ಹೆಚ್ಚು ಕಾಲ ಒಣಗಿರುವ ಹಳ್ಳಗಳನ್ನು ವಾದಿ ಎನ್ನುತ್ತಾರೆ. ಬೆಟ್ಟದಲ್ಲೆಲ್ಲೋ ಮಳೆ ಬಿದ್ದರೆ ಕೆಲವೇ ನಿಮಿಷದಲ್ಲಿ ಪ್ರವಾಹ ನುಗ್ಗಿ ಕಾರನ್ನೇ ಹೊತ್ತೊಯ್ಯುತ್ತದೆ. ಹರಿಯುವ ವಾದಿಯನ್ನು ದಾಟುವುದು ಅಲ್ಲಿ ಶಿಕ್ಷಾರ್ಹ ಅಪರಾಧ.

ಆಸ್ಟ್ರೇಲಿಯಾದಲ್ಲಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಾಂಗರೂಗಳು ರಸ್ತೆಗೆ ಜಿಗಿಯುತ್ತವೆ. ಅದನ್ನು ತಪ್ಪಿಸಲು ಸ್ಟಿಯರಿಂಗ್ ತಿರುಗಿಸಿ ಮರಕ್ಕೆ ಬಡಿದು ಸತ್ತವರುಂಟು. ನೇರವಾಗಿ ಬ್ರೇಕ್ ಹಾಕಿ, ಪಕ್ಕಕ್ಕೆ ಎಳೆಯಬೇಡಿ ಎಂದು ಅಲ್ಲಿ ಮೊದಲೇ ಹೇಳಿಕೊಡುತ್ತಾರೆ. ನ್ಯೂಜಿಲೆಂಡಿನ ಹಳ್ಳಿಗಾಡಿನಲ್ಲಿ ಒಂದೇ ವಾಹನ ಹಿಡಿಸುವ ಸೇತುವೆಗಳು ಬಹಳ. ಸೇತುವೆಗೆ ಮುಂಚೆ ಒಂದು ಫಲಕ ಇರುತ್ತದೆ, ಅದರಲ್ಲಿ ಎರಡು ಬಾಣಗಳು. ಯಾರ ಕಡೆಗೆ ಕೆಂಪು ಬಣ್ಣದ ಚಿಕ್ಕ ಬಾಣವೋ ಅವರು ನಿಂತು ಎದುರಿನವರಿಗೆ ದಾರಿ ಬಿಡಬೇಕು. ನಂಜನಗೂಡಿನ ಹಳೆಯ ಕಪಿಲಾ ಸೇತುವೆಯ ಮೇಲೆ ರೈಲೂ ಬಂಡಿಯೂ ಒಂದೇ ಸೇತುವೆಯನ್ನು ಹಂಚಿಕೊಂಡಿದ್ದ ಕಾಲವನ್ನು ಕಂಡ ಹಿರಿಯರಿಗೆ ಈ ಪಾಠ ಬೇಗ ಅರ್ಥವಾದೀತು. ಕಿರಿದಾದ ದಾರಿಯಲ್ಲಿ ಒಬ್ಬರು ನಿಂತರೆ ಇಬ್ಬರೂ ದಾಟುತ್ತಾರೆ.

ನಮ್ಮ ರಸ್ತೆ ಕಲಿಸಿದ್ದು, ಕಲಿಸದ್ದು

"ಫಾದರ್, ನಮ್ಮ ರಸ್ತೆಗಳಿಗಿಂತ ಅವು ಕೆಟ್ಟವೇ? ಇಲ್ಲಿ ಓಡಿಸಿದವನು ಎಲ್ಲಾದರೂ ಓಡಿಸುತ್ತಾನೆ" ಎಂದು ನೀವು ಹೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ.

ನಮ್ಮ ರಸ್ತೆಗಳು ಎಷ್ಟು ಅಪಾಯಕಾರಿ ಎಂಬುದನ್ನು ನಾವು ಬಲ್ಲೆವು. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ನೇ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 68ರಷ್ಟು ಮಂದಿ ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಬಿಟ್ಟರು. ನಮ್ಮ ತಾಲ್ಲೂಕಿನಲ್ಲೇ 2023ರ ಮೇ 29ರಂದು ಕುರುಬೂರು ಬಳಿ ಬಸ್ಸು ಮತ್ತು ಇನ್ನೋವಾ ಕಾರು ಡಿಕ್ಕಿಯಾಗಿ, ಬಳ್ಳಾರಿ ಕಡೆಯಿಂದ ಪ್ರವಾಸ ಬಂದಿದ್ದವರಲ್ಲಿ 10 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ನಾವು ದಿನವೂ ಸಂತೆಗೆ, ಆಸ್ಪತ್ರೆಗೆ ಹೋಗುವ ದಾರಿ ಅವರಿಗೆ ಪರಸ್ಥಳದ ದಾರಿಯಾಗಿತ್ತು. ಅಗಲಿದ ಆ ಆತ್ಮಗಳಿಗೂ ಅವರ ಮನೆಯವರಿಗೂ ಇಂದು ಪ್ರಾರ್ಥಿಸೋಣ.

ಇಂಥ ದಾರಿಗಳಲ್ಲಿ ಓಡಾಡಿ ನಮ್ಮ ಕಣ್ಣು ಪಳಗಿದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿದ್ದರೆ ದೂರದಿಂದಲೇ ಗುರುತಿಸುತ್ತೇವೆ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿರಬಹುದೆಂದು ಊಹಿಸುತ್ತೇವೆ. ಬಣ್ಣ ಬಳಿಯದ ಹಂಪು ಯಾವ ಊರಿನ ಮುಂದಿದೆ ಎಂಬುದು ಬಾಯಿಪಾಠ. ನಮ್ಮ ತಾಲ್ಲೂಕನ್ನು ಹಾದುಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯೇ ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಗುತ್ತದೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ರಾತ್ರಿಯ ರಸ್ತೆ ಪ್ರಾಣಿಗಳಿಗೂ ಸೇರಿದ್ದು ಎಂದು ಒಪ್ಪಿಕೊಂಡ ಹೆದ್ದಾರಿ ನಮ್ಮದು. ಆ ವಿವೇಕವನ್ನು ಕಾಂಗರೂ ದೇಶಕ್ಕೂ ಒಂಟೆ ದೇಶಕ್ಕೂ ಕೊಂಡೊಯ್ದರೆ ಖಂಡಿತ ಒಳ್ಳೆಯದು.

ಆದರೆ ನಮ್ಮ ಪಳಗಿದ ಅಭ್ಯಾಸಗಳೇ ಅಲ್ಲಿ ನಮಗೆ ಮೋಸ ಮಾಡುತ್ತವೆ. ಇಲ್ಲಿ ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ "ನಾನು ಬರುತ್ತಿದ್ದೇನೆ, ನೀನು ನಿಲ್ಲು" ಎಂದರ್ಥ. ಬ್ರಿಟನ್, ಐರ್ಲೆಂಡಿನಲ್ಲಿ ಹಲವರು "ನೀವು ಮೊದಲು ಹೋಗಿ" ಎನ್ನಲು ಮಿನುಗಿಸುತ್ತಾರೆ. ಇಲ್ಲಿ ತಿರುವಿನಲ್ಲಿ, ಹಿಂದಿಕ್ಕುವಾಗ ಹಾರ್ನ್ ಹಾಕುವುದು ಮರ್ಯಾದೆ. ಅಲ್ಲಿ ಸುಮ್ಮನೆ ಹಾರ್ನ್ ಹಾಕಿದರೆ ಬೈದಂತೆ. ಇಲ್ಲಿ ಮುಂದಿನ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದರೆ "ಮುಂದೆ ಹೋಗು" ಎಂದಿರಬಹುದು. ಅಲ್ಲಿ ಅವನು ಬಲಕ್ಕೆ ತಿರುಗಿಯೇ ತಿರುಗುತ್ತಾನೆ. ಒಂದೇ ಸನ್ನೆಗೆ ಎರಡು ಊರಿನಲ್ಲಿ ಎರಡು ಅರ್ಥ. ಹೊಸ ಭಾಷೆ ಕಲಿಯುವವರು ತಪ್ಪು ಮಾತಾಡಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ರಸ್ತೆಯ ಭಾಷೆಯಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಎಲ್ ಬೋರ್ಡು ಅವಮಾನವಲ್ಲ

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಮತ್ತೆ ಕಲಿಯಲು ನಾಚಬಾರದು.

ಬ್ರಿಟನ್ನಿನಲ್ಲಿ ನೆಲೆಸಿದವರು ನಮ್ಮ ದೇಶದ ಲೈಸೆನ್ಸಿನ ಮೇಲೆ 12 ತಿಂಗಳು ಮಾತ್ರ ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಐರ್ಲೆಂಡಿನಲ್ಲಿ ಭಾರತದ ಲೈಸೆನ್ಸನ್ನು ಅಲ್ಲಿನದಕ್ಕೆ ನೇರವಾಗಿ ಬದಲಿಸಿ ಕೊಡುವುದಿಲ್ಲ. ಅಲ್ಲಿ ಹೊಸದಾಗಿ ಕಲಿಯುವವರು ಥಿಯರಿ ಪರೀಕ್ಷೆ ಪಾಸಾಗಿ, ಅನುಮತಿ ಪಡೆದ ಶಿಕ್ಷಕರ ಬಳಿ 12 ಪಾಠ ಮುಗಿಸಿ, ಎಲ್ ಬೋರ್ಡು ಹಾಕಿಕೊಂಡು ಅಭ್ಯಾಸ ಮಾಡಬೇಕು. ಪಾಸಾದ ಮೇಲೂ ಎರಡು ವರ್ಷ ಹೊಸಬರೆಂದು ತೋರಿಸುವ ಎನ್ ಬೋರ್ಡು ಕಾರಿನ ಮೇಲಿರಬೇಕು. ಅಂದರೆ ಎರಡು ವರ್ಷ ಕಾಲ "ನಾನಿನ್ನೂ ಹೊಸಬ, ನನ್ನನ್ನು ಸಹಿಸಿಕೊಳ್ಳಿ" ಎಂದು ಊರಿಗೆಲ್ಲ ಸಾರಿಕೊಂಡು ಓಡಿಸಬೇಕು. ಎಷ್ಟು ಒಳ್ಳೆಯ ನಿಯಮ!

ಆದರೆ ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಇದು ಕಹಿ. ಕೊಲ್ಲಿ ದೇಶಗಳ ಪರೀಕ್ಷೆಯಲ್ಲಿ ಎರಡು, ಮೂರು ಸಲ ಫೇಲಾಗಿ ಒಳಗೊಳಗೇ ಕುಗ್ಗಿಹೋಗುವ ನಮ್ಮ ಗಂಡಸರು ಕಡಿಮೆಯೇನಲ್ಲ. ಆಗ ಮನೆಯಿಂದ ಹೋಗುವ ಮಾತು ಎಂಥದು? "ಎದುರು ಮನೆಯವರ ಮಗ ಒಂದೇ ಸಲಕ್ಕೆ ಪಾಸಾದನಂತೆ, ನಿನಗೇನಾಗಿದೆ?" ತಂದೆ ತಾಯಂದಿರೇ, ಆ ಮಾತನ್ನು ಆಡಬೇಡಿ. ಫೇಲಾದವನು ಜೀವಂತ ಇದ್ದಾನೆ, ಇನ್ನೊಮ್ಮೆ ಬರೆಯುತ್ತಾನೆ. ನಾಚಿಕೆಗೆ ಹೆದರಿ ಲೈಸೆನ್ಸಿಲ್ಲದೆ ಓಡಿಸಲು ಹೊರಟರೆ ವಿಮೆ ಕೈಕೊಡುತ್ತದೆ, ಕಾನೂನು ಕೈ ಹಿಡಿಯುತ್ತದೆ. ಅಪಘಾತದಲ್ಲಿ ಒಬ್ಬರ ಸಾವಿಗೆ ಕಾರಣನಾದರೆ ಅರಬ್ ದೇಶಗಳಲ್ಲಿ ಸತ್ತವರ ಮನೆಯವರಿಗೆ ದಿಯಾ ಎಂಬ ದೊಡ್ಡ ಪರಿಹಾರ ಕೊಡಬೇಕಾಗುತ್ತದೆ. ಕೊಟ್ಟು ತೀರದೆ ಜೈಲಿನಲ್ಲಿ ಕುಳಿತವರಿದ್ದಾರೆ. ಒಂದು ಕುಟುಂಬ ಜೀವ ಕಳೆದುಕೊಳ್ಳುತ್ತದೆ, ಇನ್ನೊಂದು ಕುಟುಂಬ ಬೀದಿಗೆ ಬೀಳುತ್ತದೆ.

ಇದೇ ಮಾತು ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಸೌದಿ ಅರೇಬಿಯಾದಲ್ಲಿ 2018ರ ಜೂನ್ 24ರಿಂದ ಮಹಿಳೆಯರಿಗೂ ವಾಹನ ಓಡಿಸಲು ಅವಕಾಶ ಸಿಕ್ಕಿದೆ. ಹೊರಗೆ ಹೋಗುವ ಮೊದಲೇ ಮಗಳಿಗೆ ಇಲ್ಲೇ ಕಾರು ಕಲಿಸಿ. ಮದುವೆಗೆ ಒಡವೆ ಮಾಡಿಸುವ ಕಾಳಜಿಯ ಹತ್ತರಲ್ಲಿ ಒಂದು ಪಾಲು ಇದಕ್ಕಿರಲಿ.

ಮಧ್ಯಾಹ್ನದ ಆ ಫೋನು

ಎರಡನೆಯದಾಗಿ, ಮನೆಯಲ್ಲಿ ಉಳಿದ ನಮ್ಮ ಜವಾಬ್ದಾರಿ. ದೂರದ ರಸ್ತೆಯ ಅಪಾಯಕ್ಕೂ ಸೋಸಲೆಯಲ್ಲಿ ಕುಳಿತ ನಮಗೂ ಏನು ಸಂಬಂಧ ಎನ್ನಬೇಡಿ. ಸಂಬಂಧವಿದೆ. ಅದು ನಿಮ್ಮ ಕೈಯಲ್ಲಿರುವ ಫೋನು.

ಸ್ವಲ್ಪ ಲೆಕ್ಕ ಹಾಕಿ. ಚಳಿಗಾಲದಲ್ಲಿ ಐರ್ಲೆಂಡಿಗಿಂತ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಪಾಳಿಯ ನರ್ಸ್ ಬೆಳಿಗ್ಗೆ ಎಂಟು ಗಂಟೆಗೆ ಕೆಲಸ ಮುಗಿಸಿ ಹೊರಗೆ ಬಂದಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ನಮ್ಮ ತಾಯಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, "ಈಗ ಮಗಳಿಗೆ ಬಿಡುವಿರುತ್ತದೆ" ಎಂದು ಫೋನು ಹಚ್ಚುವ ಹೊತ್ತು ಅದೇ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ, ಕಣ್ಣು ಎಳೆಯುತ್ತಿರುವ ಮಗಳು ಹಿಮ ಬಿದ್ದ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದಿರುವ ಹೊತ್ತೂ ಅದೇ. ಅಮ್ಮನ ಫೋನು ಎಂದು ಅವಳು ಎತ್ತದೇ ಇರಲಾರಳು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡೇ ಸೆಕೆಂಡು ಫೋನಿನ ಕಡೆ ನೋಡಿದರೂ 44 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದಂತೆ.

ಆದ್ದರಿಂದ ತಾಯಂದಿರೇ, ಫೋನು ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಮಗಳ ಪಾಳಿಯ ವೇಳೆ ಕೇಳಿ ಬರೆದಿಟ್ಟುಕೊಳ್ಳಿ. "ಮನೆ ಮುಟ್ಟಿದ ಮೇಲೆ ನೀನೇ ಮಾಡು" ಎಂದು ಹೇಳಿ. ಎತ್ತಿದ ಕೂಡಲೇ "ಗಾಡಿಯಲ್ಲಿದ್ದೀಯಾ?" ಎಂದು ಮೊದಲು ಕೇಳಿ. ಹೌದು ಎಂದರೆ ತಕ್ಷಣ ಇಟ್ಟುಬಿಡಿ. ಆ ದಿನ ಆ ಮಾತು ಇಡುವುದೇ ನೀವು ಅವಳಿಗೆ ತೋರುವ ಪ್ರೀತಿ. ಸಾಲದ ಕಂತು, ಅಣ್ಣ ತಮ್ಮಂದಿರ ಜಗಳ, ಪಾಲು ಪಾರಿಕತ್ತಿನ ಸುದ್ದಿ ಅವಳು ಮನೆ ಸೇರಿ ನಿದ್ದೆ ಮಾಡಿ ಎದ್ದ ಮೇಲೂ ಹೇಳಬಹುದು.

ಆಯಾಸದ ಮಾತು ಬಂತು. ನಿದ್ದೆಯನ್ನು ಧೈರ್ಯದಿಂದ ಗೆಲ್ಲಲಾಗದು. ಆಸ್ಟ್ರೇಲಿಯಾದ ದೂರದ ಹೆದ್ದಾರಿಗಳ ಬದಿಯಲ್ಲಿ ರಜೆಯ ದಿನಗಳಲ್ಲಿ ಸ್ವಯಂಸೇವಕರು ಡ್ರೈವರ್ ರಿವೈವರ್ ಎಂಬ ಹೆಸರಿನಲ್ಲಿ ಚಾಲಕರಿಗೆ ಉಚಿತವಾಗಿ ಚಹಾ, ಕಾಫಿ ಕೊಟ್ಟು ಸ್ವಲ್ಪ ಹೊತ್ತು ವಿಶ್ರಮಿಸುವಂತೆ ಮಾಡುತ್ತಾರೆ. ಇದನ್ನು ಕೇಳಿದಾಗ ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿ ಬದಿಗೆ ಇಡುತ್ತಿದ್ದ ಅರವಟ್ಟಿಗೆ ನೆನಪಾಗುತ್ತದೆ. ನೀರು ಮಜ್ಜಿಗೆ ಕೊಟ್ಟು ದಣಿದವರನ್ನು ಕೂರಿಸುತ್ತಿದ್ದ ಆ ಧರ್ಮ ಇಲ್ಲಿಯೂ ಇತ್ತು, ಅಲ್ಲಿಯೂ ಇದೆ. ಪರದೇಶದಲ್ಲಿ ಅಂಥ ಜಾಗ ಕಂಡರೆ ನಿಲ್ಲಲು ನಮ್ಮ ಮಕ್ಕಳಿಗೆ ಹೇಳಿ.

ಯೆರಿಕೋ ದಾರಿಯ ನೆರೆಯವನು

ಮೂರನೆಯದಾಗಿ, ದಾರಿಯಲ್ಲಿ ಬಿದ್ದವರ ವಿಷಯ. ಪ್ರಭು ಯೇಸು ಹೇಳಿದ ದಯಾಳು ಸಮಾರಿಯದವನ ಸಾಮತಿ ಒಂದು ಅಪಾಯಕಾರಿ ರಸ್ತೆಯ ಕಥೆ. ಜೆರುಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಸುಮಾರು ಸಾವಿರ ಮೀಟರ್ ಕೆಳಗಿಳಿಯುತ್ತದೆ. ಬೋಳು ಬೆಟ್ಟ, ಕುರುಡು ತಿರುವು, ಕಳ್ಳರ ಕಾಟ. ಅಲ್ಲಿ ಬಿದ್ದಿದ್ದವನನ್ನು ಊರಿನ ದೊಡ್ಡವರು ನೋಡಿ ಹಾದುಹೋದರು. ಎತ್ತಿದವನು ಪರಸ್ಥಳದವನು. ಆ ದಾರಿಯಲ್ಲಿ ತಾನೇ ಹೊರಗಿನವನಾಗಿದ್ದವನು!

ಹೊರದೇಶದಲ್ಲಿ ನಮ್ಮವರು ಇದೇ ಸಮಾರಿಯದವನ ಸ್ಥಾನದಲ್ಲಿದ್ದಾರೆ. ಕೆಲವೊಮ್ಮೆ ಬಿದ್ದವನ ಸ್ಥಾನದಲ್ಲೂ ಇರುತ್ತಾರೆ. ಹಳ್ಳದಲ್ಲಿ ಕಾರು ಸಿಕ್ಕಿಕೊಂಡಾಗ ಹಗ್ಗ ತಂದು ಎಳೆಯುವವನು ಪಕ್ಕದ ಫಾರಂನ ರೈತನೇ. ಅವನ ಹೆಸರು ಕೇಳಿ ಪರಿಚಯ ಮಾಡಿಕೊಂಡವರಿಗೆ ಪರದೇಶ ಅರ್ಧ ಸ್ವದೇಶವಾಗುತ್ತದೆ. ತುರ್ತು ಸಂಖ್ಯೆಗಳನ್ನೂ ಕಲಿತಿರಬೇಕು. ಐರ್ಲೆಂಡಿನಲ್ಲಿ 112, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111, ಅಮೆರಿಕ ಮತ್ತು ಕೆನಡಾದಲ್ಲಿ 911. ನಮ್ಮಲ್ಲಿ 112, ಆಂಬುಲೆನ್ಸಿಗೆ 108.

ಇಲ್ಲಿ ನಮಗೂ ಇನ್ನು ನೆಪವಿಲ್ಲ. ಬಿದ್ದವರನ್ನು ಎತ್ತಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಹಿಂದೆ ಇತ್ತು. ನೆರವಾದವರನ್ನು ರಕ್ಷಿಸಲು ನಮ್ಮ ರಾಜ್ಯವೇ ಕಾನೂನು ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಲ್ಲೂ ಇದೇ ರಕ್ಷಣೆ ಇದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಆ ಕಾನೂನನ್ನು ಇಂಗ್ಲಿಷಿನಲ್ಲಿ ಸಮಾರಿಯದವನ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ಪಾಲಿಸುವುದರಲ್ಲಿ ನಾವು ಹಿಂದೆ ಬೀಳಬಾರದು.

ಊರಿಗೆ ಬಂದಾಗ

ಹೊರದೇಶದಿಂದ ಹಬ್ಬಕ್ಕೆಂದು ಬಂದವರಿಗೂ ಒಂದು ಮಾತು. ನೀವು ಹುಟ್ಟಿದ ಊರೇ ಆದರೂ ನಾಲ್ಕು ವರ್ಷದ ಮೇಲೆ ಬಂದಾಗ ಈ ರಸ್ತೆಗೆ ನೀವು ಹೊಸಬರು. ಬೆಂಗಳೂರಿನಲ್ಲಿ ವಿಮಾನ ಇಳಿದು, ನಿದ್ದೆಯಿಲ್ಲದೆ, ಬಾಡಿಗೆ ಕಾರು ತಾವೇ ಓಡಿಸಿಕೊಂಡು ರಾತ್ರೋರಾತ್ರಿ ಊರು ಸೇರುವ ಆತುರ ಬೇಡ. ಅಲ್ಲಿ ಎಲ್ಲರೂ ತಮ್ಮ ಗೆರೆಯಲ್ಲಿ ಹೋಗುತ್ತಾರೆಂಬ ನಂಬಿಕೆ ನಿಮ್ಮಲ್ಲಿ ಬೇರೂರಿದೆ. ಇಲ್ಲಿ ಎಮ್ಮೆಗೂ ಬೈಕಿಗೂ ಆ ಗೆರೆ ಕಾಣುವುದಿಲ್ಲ. ಎರಡು ದಿನ ಪಕ್ಕದ ಸೀಟಿನಲ್ಲಿ ಕುಳಿತು ರಸ್ತೆ ನೋಡಿ, ಆಮೇಲೆ ಸ್ಟಿಯರಿಂಗ್ ಹಿಡಿಯಿರಿ. ಅಲ್ಲಿ ಕಲಿತ ಸೀಟ್ ಬೆಲ್ಟು, ಮಗುವಿನ ಸೀಟು, ನಡೆಯುವವರಿಗೆ ನಿಂತು ದಾರಿ ಬಿಡುವ ಸೌಜನ್ಯ ಇವನ್ನು ಮಾತ್ರ ಇಲ್ಲಿ ಬಿಚ್ಚಿಡಬೇಡಿ. ಚಾಕೊಲೇಟಿನ ಜೊತೆ ನೀವು ತರಬಹುದಾದ ಉತ್ತಮ ಉಡುಗೊರೆ ಅದು.

ಆಶೀರ್ವಾದವೂ ಬ್ರೇಕೂ

2007ರ ಜೂನ್ ತಿಂಗಳಲ್ಲಿ, ವಲಸಿಗರ ಮತ್ತು ಪ್ರಯಾಣಿಕರ ಪಾಲನೆಗಾಗಿ ಇದ್ದ ವ್ಯಾಟಿಕನ್ನಿನ ಮಂಡಳಿ ರಸ್ತೆಯ ಬಗ್ಗೆ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ಅದರಲ್ಲಿ ಚಾಲಕರಿಗಾಗಿ ಹತ್ತು ಆಜ್ಞೆಗಳಿವೆ. ಕೊಲ್ಲಬಾರದೆಂಬುದು ಮೊದಲನೆಯದು. ವಾಹನವನ್ನು ದರ್ಪ ತೋರಿಸಲು ಬಳಸಬಾರದು, ಅಪಘಾತಕ್ಕೆ ಈಡಾದವರಿಗೂ ಅವರ ಕುಟುಂಬಕ್ಕೂ ಆಸರೆಯಾಗಬೇಕು, ರಸ್ತೆಯಲ್ಲಿ ದುರ್ಬಲರನ್ನು ಕಾಪಾಡಬೇಕು ಎಂಬ ಮಾತುಗಳೂ ಇವೆ. ವಲಸೆ ಹೋದವರನ್ನು ನೋಡಿಕೊಳ್ಳುವ ಮಂಡಳಿಯೇ ರಸ್ತೆಯ ಬಗ್ಗೆಯೂ ಮಾತನಾಡಿದ್ದು ಎಷ್ಟು ಅರ್ಥಪೂರ್ಣ! ಮನೆ ಬಿಟ್ಟು ಹೋದವನಿಗೆ ರಸ್ತೆಯೇ ಮೊದಲ ನೆರೆಮನೆ.

ಪ್ರಿಯರೇ, ಅಪಘಾತವಾದಾಗಲೆಲ್ಲ "ಹಣೆಬರಹ" ಎಂದು, "ದೇವರ ಚಿತ್ತ" ಎಂದು ಕೈಚೆಲ್ಲುತ್ತೇವೆ. ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದೆ ಮೂವರು ಕೂರುವುದು, ನಿದ್ದೆಗಣ್ಣಿನಲ್ಲಿ ಹೊರಡುವುದು ದೇವರ ಚಿತ್ತವಲ್ಲ. ಸಂತರ ಪದಕ ಕನ್ನಡಿಗೆ ತೂಗಿ ಹಾಕಿದರೆ ಬ್ರೇಕು ಸರಿಯಾಗುವುದಿಲ್ಲ. ಪವಿತ್ರ ಜಲ ಸವೆದ ಟೈರಿಗೆ ಹಲ್ಲು ಮೂಡಿಸುವುದಿಲ್ಲ. ಆಶೀರ್ವಾದ ನಮ್ಮ ಎಚ್ಚರಕ್ಕೆ ಬಲ ಕೊಡುತ್ತದೆ. ಎಚ್ಚರವನ್ನು ನಾವೇ ತರಬೇಕು.

ಕ್ರಿಸ್ತೋಫರರ ಹೆಗಲ ಮೇಲಿನ ಮಗು ಹೆಜ್ಜೆ ಹೆಜ್ಜೆಗೂ ಭಾರವಾಯಿತು. ನಿಮ್ಮ ಬೈಕಿನ ಹಿಂದೆ ಕುಳಿತ ಹೆಂಡತಿ, ಮುಂದೆ ನಿಂತ ಮಗು, ಆಟೋದಲ್ಲಿ ಕುಳಿತ ಶಾಲೆಯ ಮಕ್ಕಳು, ಪರದೇಶದ ರಸ್ತೆಯಲ್ಲಿ ಎದುರಿಗೆ ಬರುತ್ತಿರುವ ಗುರುತಿಲ್ಲದ ಮನುಷ್ಯ, ಇವರೆಲ್ಲರ ಭಾರ ನಿಮ್ಮ ಹೆಗಲ ಮೇಲಿದೆ. ಆ ಭಾರ ನೆನಪಿದ್ದರೆ ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ.

ಈಗ ಹೊರಗೆ ಹೋಗಿ ವಾಹನಗಳನ್ನು ಆಶೀರ್ವದಿಸೋಣ. ಅದಕ್ಕೂ ಮೊದಲು ನಿಮ್ಮ ಮನೆಯಿಂದ ಹೊರದೇಶಕ್ಕೆ ಹೋದವರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಅವರಿಗಾಗಿ ಹೀಗೆ ಬೇಡೋಣ:

ದಾರಿಯೂ ಸತ್ಯವೂ ಜೀವವೂ ಆಗಿರುವ ಪ್ರಭುವೇ, ಪರದೇಶದ ರಸ್ತೆಗಳಲ್ಲಿ ನಮ್ಮ ಮಕ್ಕಳ ಕಣ್ಣಿಗೆ ಎಚ್ಚರವನ್ನೂ ಮನಸ್ಸಿಗೆ ದೀನತೆಯನ್ನೂ ಕೊಡಿ. ಅವರು ಯಾರಿಗೂ ಸಾವು ತಾರದಿರಲಿ, ಯಾರಿಂದಲೂ ಸಾವು ಅವರಿಗೆ ಬಾರದಿರಲಿ. ಬಿದ್ದವರನ್ನು ಎತ್ತುವ ಕೈ ಅವರದಾಗಲಿ, ಅವರು ಬಿದ್ದಾಗ ಎತ್ತುವ ಕೈ ಅವರಿಗೂ ಸಿಗಲಿ. ಇಲ್ಲಿ ಕಾಯುತ್ತಿರುವ ನಮಗೆ ತಾಳ್ಮೆ ಕೊಡಿ. ದಾರಿಯಲ್ಲಿ ಪ್ರಾಣ ಬಿಟ್ಟವರಿಗೆ ನಿತ್ಯ ವಿಶ್ರಾಂತಿ ಕರುಣಿಸಿ. ಆಮೆನ್.